ಬಾಕಿ ಎಷ್ಟು ಅಂತ ಯಾರೂ ಕೇಳಲಿಲ್ಲ

ಕನ್ನಡ ಕ್ರೈಸ್ತ ಸಭೆಗಳ ಪಾಲಕರಿಗೆ, ಅಂದರೆ ಪಾಸ್ಟರುಗಳಿಗೆ, ಹಿರಿಯರಿಗೆ, ಭಾನುವಾರ ಮೈಕ್ ಹಿಡಿಯುವ ಎಲ್ಲರಿಗೆ,

ವಂದನೆಗಳು.

ಹೋದ ತಿಂಗಳು ನಮ್ಮ ಸಭೆಯಲ್ಲಿ ಎದ್ದು ನಿಂತು ಒಂದು ವಿಷಯ ಒಪ್ಪಿಕೊಂಡೆ. ಒಡಹುಟ್ಟಿದ ಅಕ್ಕನ ಪಾಲಿನ ದುಡ್ಡು ತಿಂದಿದ್ದೇನೆ ಅಂದೆ. ಅದನ್ನು 12 ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಇದೇ ಮೈಕಿನ ಮುಂದೆ ದೇವರ ಉಪಕಾರಕ್ಕೆ ಸಾಕ್ಷಿ ಹೇಳಿದ್ದೇನೆ ಅಂದೆ. ಒಂದು ಗಳಿಗೆ ಎಲ್ಲರೂ ಸುಮ್ಮನಿದ್ದರು. ಆಮೇಲೆ ಯಾರೋ ‘ಹಲ್ಲೆಲೂಯ’ ಅಂದರು. ಚಪ್ಪಾಳೆ ಬಿತ್ತು. ಆರಾಧನೆ ಮುಗಿದ ಮೇಲೆ ಹತ್ತು ಹದಿನೈದು ಜನ ಬಂದು ಕೈ ಕುಲುಕಿದರು. ಒಬ್ಬರು ತಬ್ಬಿಕೊಂಡು, ‘ದೇವರು ಕ್ಷಮಿಸಿಬಿಟ್ಟಿದ್ದಾನೆ ಬ್ರದರ್, ಇನ್ನು ಅದನ್ನ ನೆನೆಸ್ಕೊಬೇಡಿ, ನಿಶ್ಚಯವಾಗಿರಿ’ ಅಂದರು. ಚಹಾ ಕುಡಿದು ಮನೆಗೆ ಬಂದೆ.

ಚಪ್ಪಲಿ ಬಿಡುವಾಗ ಹೊಳೆಯಿತು. ಅಷ್ಟು ಜನರಲ್ಲಿ ಒಬ್ಬರೂ ‘ನಿಮ್ಮ ಅಕ್ಕ ಹೇಗಿದ್ದಾರೆ’ ಎಂದು ಕೇಳಲಿಲ್ಲ. ಎಷ್ಟು ತಿಂದಿರಿ, ಎಷ್ಟು ವಾಪಸ್ ಕೊಟ್ಟಿರಿ, ಬಾಕಿ ಎಷ್ಟು ಎಂದೂ ಕೇಳಲಿಲ್ಲ. ಈ ಪತ್ರ ಬರೆಯೋದಕ್ಕೆ ಅದೇ ಕಾರಣ.

ನನ್ನ ಹೆಸರು ಇಲ್ಲಿ ಹಾಕಿಲ್ಲ. ಅಕ್ಕ ಬೇಡ ಅಂದಳು. ‘ನಿನ್ನ ಹೆಸರ ಬಂದ್ರ ನನ್ನದೂ ಬಂದಂಗ ಆತಲ್ಲ’ ಅಂದಳು. ನಮ್ಮ ಸಭೆಯವರಿಗೆ ನಾನು ಯಾರೆಂದು ಗೊತ್ತಿದೆ. ಉಳಿದವರಿಗೆ ಇಷ್ಟು ಸಾಕು: ವಯಸ್ಸು 56, ಹುಟ್ಟಿದ್ದು ಬೆಟಗೇರಿಯ ಹಳೆಯ ಕ್ರೈಸ್ತ ಮನೆಯಲ್ಲಿ, ಈಗ ಬೆಂಗಳೂರಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ.

ಲೆಕ್ಕ ಬರೆಯುವವನಾದ್ದರಿಂದ ಮೊದಲು ಲೆಕ್ಕವನ್ನೇ ಹೇಳಿಬಿಡುತ್ತೇನೆ. ಅವ್ವ ಮೊದಲೇ ತೀರಿಕೊಂಡಿದ್ದಳು. ಅಪ್ಪ ಉಯಿಲು ಬರೆಯದೆ ಹೋದರು. ನಾವು ಇಬ್ಬರೇ ಮಕ್ಕಳು. 2011ರಲ್ಲಿ ಬೆಟಗೇರಿಯ ಮನೆ 18 ಲಕ್ಷಕ್ಕೆ ಹೋಯಿತು. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅದರಲ್ಲಿ ಮಗ ಮಗಳು ಎಂಬ ಭೇದ ಇಲ್ಲ. ಇಬ್ಬರಿಗೂ ಸಮಪಾಲು. ಅಂದರೆ ಅಕ್ಕನಿಗೆ 9 ಲಕ್ಷ ಬರಬೇಕಿತ್ತು. ನಾನು ಕೊಟ್ಟದ್ದು ಒಂದೂವರೆ ಲಕ್ಷ. ‘ನಿನ್ನ ಮದುವೆಗೆ ಅಪ್ಪ ಖರ್ಚು ಮಾಡಿದ್ದರಲ್ಲ, ಅಪ್ಪನ ಆಸ್ಪತ್ರೆ ಬಿಲ್ ನಾನೇ ಕಟ್ಟಿದ್ದೆನಲ್ಲ’ ಎಂದೆ. ಆಸ್ಪತ್ರೆ ಬಿಲ್ ಬಹುಪಾಲು ಅಪ್ಪನ ಪೆನ್ಷನ್ ದುಡ್ಡಿನಲ್ಲೇ ಹೋಗಿತ್ತು. ಅದು ನನಗೂ ಗೊತ್ತಿತ್ತು.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಅಕ್ಕ ಬ್ಲೌಸ್ ಹೊಲಿದು ಜೀವನ ಮಾಡುವವಳು. ಹತ್ತಿರದ್ದು ಕಾಣಲು ಕನ್ನಡಕ ಬೇಕು. ಕನ್ನಡಕ ಬ್ಯಾಗಿನಲ್ಲೇ ಇತ್ತು. ‘ತೆಗಿ, ಒಮ್ಮೆ ಓದಿಬಿಡು’ ಎಂದೆ, ಬಾಯಿ ಮಾತಿಗೆ. ‘ನೀ ಹೇಳಿದ ಮ್ಯಾಲ ಓದೂದೇನೈತಿ ತಮ್ಮಾ, ಎಲ್ಲಿ ಸಹಿ ಮಾಡ್ಲಿ ತೋರಸು’ ಅಂದಳು. ನಾನು ಬೆರಳಿಟ್ಟು ತೋರಿಸಿದೆ. ಪ್ರತಿ ಹಾಳೆಯ ಕೆಳಗೂ ತೋರಿಸಿದೆ.

ಅದಾದ ಮುಂದಿನ ಭಾನುವಾರ ನಾನು ಸಾಕ್ಷಿ ಹೇಳಿದೆ. ಮನೆ ಒಳ್ಳೆಯ ಬೆಲೆಗೆ ಹೋಯಿತು, ಕರ್ತನಿಗೆ ಸ್ತೋತ್ರ ಎಂದೆ. ಅಕ್ಕನಿಂದ ಉಳಿಸಿಕೊಂಡ ಏಳೂವರೆ ಲಕ್ಷಕ್ಕೂ ಸೇರಿಸಿಯೇ ದಶಮಾಂಶ, ಅಂದರೆ ದೇವರಿಗೆ ಹತ್ತರಲ್ಲಿ ಒಂದು ಪಾಲು, ಲೆಕ್ಕ ಹಾಕಿ ಕೊಟ್ಟೆ. ಅಂದರೆ ಅಕ್ಕನ ದುಡ್ಡಿನಲ್ಲೇ 75 ಸಾವಿರ ದೇವರಿಗೆ! ಆ ದುಡ್ಡಿನಲ್ಲಿ ಬೇರೆ ಖರ್ಚಿನ ಜೊತೆ ಸಭೆಗೆ ನಾಲ್ಕು ಫ್ಯಾನ್ ಬಂದವು. ರೆಕ್ಕೆಗಳ ಮೇಲೆ ಅಪ್ಪನ ಹೆಸರು, ‘ಜ್ಞಾಪಕಾರ್ಥವಾಗಿ’ ಎಂದು, ಕೆಳಗೆ ನನ್ನ ಹೆಸರು. ಫ್ಯಾನ್ ತಿರುಗುವಾಗ ಏನೂ ಕಾಣುವುದಿಲ್ಲ. ಕರೆಂಟ್ ಹೋದಾಗ ಮಾತ್ರ ಓದಬಹುದು. ಬೇಸಿಗೆಯಲ್ಲಿ ಕರೆಂಟ್ ಜಾಸ್ತಿ ಹೋಗುತ್ತೆ ಅಲ್ವಾ, ಎಲ್ಲರೂ ಬೆವರು ಒರೆಸಿಕೊಳ್ಳುತ್ತಾ ತಲೆ ಎತ್ತಿ ನನ್ನ ಹೆಸರು ಓದುತ್ತಿದ್ದರು.

ನನಗೆ ರಕ್ಷಣೆಯ ನಿಶ್ಚಯ ಇತ್ತು, ಅಂದರೆ ದೇವರು ನನ್ನನ್ನು ಪಾಪದಿಂದ ಬಿಡಿಸಿ ತನ್ನವನಾಗಿ ಮಾಡಿಕೊಂಡಿದ್ದಾನೆ ಎಂಬ ಖಾತ್ರಿ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನಿಜವಾಗಿ ಇತ್ತು. 22ನೇ ವಯಸ್ಸಿನಲ್ಲಿ ಒಂದು ಉಜ್ಜೀವನ ಕೂಟದಲ್ಲಿ, ಯೇಸುವನ್ನು ಒಪ್ಪಿಕೊಳ್ಳುತ್ತೇನೆ ಎಂದು ಕೈ ಎತ್ತಿದ್ದೆ. ಆ ದಿನ, ಆ ಹೊತ್ತು, ಪ್ರಾರ್ಥನೆ ಮಾಡಿಸಿದವರ ಮುಖ ಎಲ್ಲವೂ ನೆನಪಿದೆ. ಬೈಬಲಿನ ಯೋಹಾನ 10ರ ಮಾತು ನನ್ನ ಬೈಕಿನ ಮೇಲೆ ಸ್ಟಿಕ್ಕರ್ ಆಗಿತ್ತು. ನನ್ನ ಕುರಿಗಳನ್ನು ನನ್ನ ಕೈಯಿಂದ ಯಾರೂ ಕಸಿದುಕೊಳ್ಳಲಾರರು ಎಂದು ಯೇಸು ಹೇಳುವ ಮಾತು. ಅದೇ ಬೈಕಿನಲ್ಲಿ ಆ ರಿಜಿಸ್ಟ್ರೇಷನ್ ಕಾಗದ ತಯಾರು ಮಾಡಿಸಲು ಹೋಗಿದ್ದೆ. ಆತನ ಕೈಯಿಂದ ಯಾರೂ ಕಸಿಯಲಾರರು. ಅಕ್ಕನ ಕೈಯಿಂದ ನಾನು ಕಸಿದುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಅನ್ನುತ್ತಾರೆ. 12 ವರ್ಷದಲ್ಲಿ ನನ್ನ ಕೈ ಒಂದು ಸಲವೂ ಹೆಗಲಿಗೆ ಹೋಗಲಿಲ್ಲ.

ಹೇಗೆ ಅಂತ ನೀವು ಕೇಳಬಹುದು. ಬಹಳ ಸುಲಭ. ನನಗೆ ಎಲ್ಲ ವಚನವೂ ಬರುತ್ತಿತ್ತು. ರಾತ್ರಿ ಒಮ್ಮೊಮ್ಮೆ ಅಕ್ಕನ ನೆನಪಾದಾಗ 1 ಯೋಹಾನ 1:9 ಹೇಳಿಕೊಳ್ಳುತ್ತಿದ್ದೆ. ಪಾಪ ಅರಿಕೆ ಮಾಡಿದರೆ ಆತನು ಕ್ಷಮಿಸುವನು. ‘ಕರ್ತನೇ, ಏನಾದರೂ ತಪ್ಪಾಗಿದ್ದರೆ ಕ್ಷಮಿಸು’ ಎನ್ನುತ್ತಿದ್ದೆ. ಏನಾದರೂ ಅಂತೆ! ಏಳೂವರೆ ಲಕ್ಷ ಎಂದು ಒಂದು ಸಲವೂ ಹೇಳಲಿಲ್ಲ. ಇನ್ನೊಂದು ಆಸರೆ ಕೀರ್ತನೆ 51. ನಿನಗೇ, ಕೇವಲ ನಿನಗೇ ತಪ್ಪು ಮಾಡಿದ್ದೇನೆ ಎಂದು ದಾವೀದ ಅಳುತ್ತಾನಲ್ಲ. ನೋಡು, ಪಾಪ ದೇವರಿಗೂ ನನಗೂ ಸೇರಿದ್ದು, ಮೂರನೆಯವರ ಮಾತು ಯಾಕೆ ಎಂದುಕೊಂಡೆ. ದಾವೀದ ಊರೀಯನ ಹೆಂಡತಿಯನ್ನು ಕಸಿದುಕೊಂಡು ಅವನನ್ನೇ ಕೊಲ್ಲಿಸಿದ್ದ. ಆ ಮಾತು ಹೇಳುವ ಹೊತ್ತಿಗೆ ಊರೀಯ ಸತ್ತು ಮಣ್ಣಾಗಿದ್ದ. ಅವನಿಗೆ ವಾಪಸ್ ಕೊಡಲು ಏನೂ ಉಳಿದಿರಲಿಲ್ಲ. ನನ್ನ ಅಕ್ಕ ಬದುಕಿದ್ದಳು. ಒಂದು ರಾತ್ರಿಯ ರೈಲು. ಅವಳ ನಂಬರ್ ಫೋನಿನಲ್ಲಿತ್ತು. ಕ್ರಿಸ್ಮಸ್‌ಗೆ ಫೋನ್ ಮಾಡಿ ‘ಹಬ್ಬದ ಶುಭಾಶಯ ಅಕ್ಕಾ’ ಎಂದೂ ಹೇಳುತ್ತಿದ್ದೆ.

2023ರ ಕೊನೆಯಲ್ಲಿ ಚಿಕ್ಕಮ್ಮ ತೀರಿಕೊಂಡರು. ಮಣ್ಣಿಗೆ ಹೋಗಿ, ಭಾನುವಾರದವರೆಗೂ ಅಲ್ಲೇ ಉಳಿದೆ. ಅಕ್ಕನ ಸಭೆಯಲ್ಲಿ ಅಂದು ಕರ್ತನ ಭೋಜನ ಇತ್ತು, ಯೇಸುವಿನ ಮರಣ ನೆನೆದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು. ಎಲ್ಲರೂ ಎದ್ದು ಮುಂದೆ ಹೋದರು. ನಾನೂ ಎದ್ದೆ. ಅಕ್ಕ ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಮೈಗೆ ಹುಷಾರಿಲ್ಲ ಎಂದುಕೊಂಡು ನಾನು ಹೋಗಿ ರೊಟ್ಟಿ ತೆಗೆದುಕೊಂಡು ಬಂದೆ. ಮನೆಗೆ ಬರುವ ದಾರಿಯಲ್ಲಿ ಕೇಳಿದೆ. ಅವಳು ಮೊದಲು ಹೇಳಲಿಲ್ಲ. ಮಗ್ಗದ ಓಣಿ ದಾಟಿದ ಮೇಲೆ ಹೇಳಿದಳು: ‘ನಾ ತೊಗೊಳ್ಳೂದು ಬಿಟ್ಟು ಭಾಳ ವರ್ಷ ಆತು. ನನಗ ನಿನ್ನ ಮ್ಯಾಲ ಸಿಟ್ಟೈತಿ. ಅದು ಹೋಗವಲ್ದು. ನಮ್ಮ ಸಭೆಯ ಅಯ್ನೋರಿಗೆ ಹೇಳಿದ್ನಿ. ಕ್ಷಮಿಸದವ್ರನ್ನ ತಂದಿ ಕ್ಷಮಿಸಂಗಿಲ್ಲ, ಹಂಗ ತೊಗೊಂಡ್ರ ನ್ಯಾಯತೀರ್ಪ ಬರತೈತಿ ಅಂದ್ರು. ಅದಕ್ಕ ಬಿಟ್ಟೀನಿ.’

ಆ ಮಾತು ಹೇಳುವಾಗಲೂ ಅವಳಿಗೆ ನನ್ನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಹೆದರಿಕೆ ಜಾಸ್ತಿ ಇತ್ತು. ನನ್ನ ನಾಲಗೆಯ ಮೇಲೆ ಆ ರೊಟ್ಟಿಯ ರುಚಿ ಇನ್ನೂ ಇತ್ತು.

ಕಳೆದುಕೊಂಡವಳಿಗೆ ನಿಶ್ಚಯ ಇಲ್ಲ, ಕಸಿದುಕೊಂಡವನಿಗೆ ನಿಶ್ಚಯವೋ ನಿಶ್ಚಯ. ಪಾಲಕರೇ, ಇದು ನನ್ನ ಅಕ್ಕನೊಬ್ಬಳ ಮನೆಯ ಕಥೆ ಎಂದುಕೊಳ್ಳಬೇಡಿ. ನಿಮ್ಮ ಸಭೆಯಲ್ಲಿ ಹೆದರಿ ಹಿಂದೆ ಕೂತವರು ಯಾರು, ನಿಶ್ಚಿಂತೆಯಿಂದ ಮುಂದೆ ಕೂತವರು ಯಾರು ಎಂದು ಒಮ್ಮೆ ನೋಡಿ.

ನಮ್ಮ ಸಭೆಯಲ್ಲಿ ಒಬ್ಬ ಇದ್ದಾನೆ. ಪೇಂಟಿಂಗ್ ಕೆಲಸ. ಕುಡಿಯುತ್ತಾನೆ. ಮೂರು ವಾರ ಬಿಡುತ್ತಾನೆ, ನಾಲ್ಕನೇ ವಾರ ಬೀಳುತ್ತಾನೆ, ಐದನೇ ಭಾನುವಾರ ಬಂದು ಕೊನೆಯ ಬೆಂಚಿನಲ್ಲಿ ಕೂತು ಅಳುತ್ತಾನೆ. ಪ್ರಸಂಗದಲ್ಲಿ ‘ಕುಡಿಕರು ದೇವರ ರಾಜ್ಯಕ್ಕೆ ಬಾಧ್ಯರಾಗುವುದಿಲ್ಲ’ ಎಂಬ ಮಾತು ಬಂದಾಗ ಎಲ್ಲರ ಕಣ್ಣು ಅವನ ಕಡೆ. ಅದೇ 1 ಕೊರಿಂಥ 6:10ರಲ್ಲಿ, ಅದೇ ವಾಕ್ಯದಲ್ಲಿ, ಕಳ್ಳರು, ಲೋಭಿಗಳು, ಸುಲುಕೊಳ್ಳುವವರು ಎಂದೂ ಇದೆ. ಆಗ ಯಾರೂ ನನ್ನ ಕಡೆ ತಿರುಗಲಿಲ್ಲ. ಅವನ ಪಾಪಕ್ಕೆ ವಾಸನೆ ಇದೆ. ನನ್ನ ಪಾಪಕ್ಕೆ ಸ್ಟ್ಯಾಂಪ್ ಪೇಪರ್ ಇತ್ತು. ಬಿದ್ದು ಎದ್ದು ಅಳುವವನು ಮತ್ತು ಬೀಳದೆ ಹಾಯಾಗಿ ಕೂತವನು, ಇವರಿಬ್ಬರಲ್ಲಿ ಪಶ್ಚಾತ್ತಾಪ ಇಲ್ಲದವನು ಯಾರು? ಅವನಿಗೆ ನೀವು ಎಚ್ಚರಿಕೆ ಕೊಟ್ಟಿರಿ, ನನಗೆ ಮೈಕ್ ಕೊಟ್ಟಿರಿ. ಅದಲು ಬದಲಾಗಬೇಕಿತ್ತು.

ಇಲ್ಲಿ ಯಾರಾದರೂ ‘ಕ್ರಿಯೆಗಳಿಂದ ರಕ್ಷಣೆ ಅಂತ ಹೇಳ್ತಿದ್ದೀರಾ ಬ್ರದರ್’ ಎಂದು ಕೇಳೇ ಕೇಳುತ್ತಾರೆ. ಇಲ್ಲ. ರಕ್ಷಣೆ ಕೃಪೆಯಿಂದ ಸಿಗುವ ವರ ಎನ್ನುವ ಎಫೆಸ 2:8 ನನಗೂ ಗೊತ್ತು. ಏಳೂವರೆ ಲಕ್ಷ ಕೊಟ್ಟು ಪರಲೋಕದ ಟಿಕೆಟ್ ತೆಗೆಸಲು ಹೊರಟಿಲ್ಲ. ಯೇಸುವನ್ನು ನೋಡಲು ಮರ ಹತ್ತಿದ ಸುಂಕದವರ ಮುಖಂಡ ಜಕ್ಕಾಯನ ಕಥೆಯನ್ನೇ ನೋಡಿ. ಮರದ ಮೇಲಿದ್ದವನನ್ನು ಯೇಸು ಕರೆದದ್ದು, ಅವನ ಮನೆಗೆ ಹೋದದ್ದು ಮೊದಲು. ದುಡ್ಡಿನ ಮಾತು ಆಮೇಲೆ. ಆತ ಷರತ್ತು ಹಾಕಿ ಮನೆಯೊಳಗೆ ಹೋಗಲಿಲ್ಲ. ಆದರೆ ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದಾಗಲೇ ‘ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು’ ಎಂಬ ಮಾತು ಬಂತು. ನಿಶ್ಚಯದ ಮಾತನ್ನು ಯೇಸು ಬಾಯಿಬಿಟ್ಟು ಹೇಳಿದ್ದು ಆಗ. ನಮ್ಮ ಭಾನುವಾರದ ಶಾಲೆಯಲ್ಲಿ ಮರ ಹತ್ತಿದ ಗಿಡ್ಡ ಮನುಷ್ಯನ ಹಾಡು ಹೇಳಿಸುತ್ತಾರೆ. ನಾಲ್ಕರಷ್ಟಿನ ಲೆಕ್ಕ ಹೇಳಿಸುವುದಿಲ್ಲ.

‘ಯೇಸುವಿನ ಪಕ್ಕ ಶಿಲುಬೆಯಲ್ಲಿದ್ದು ಕೊನೆಗಳಿಗೆಯಲ್ಲಿ ಕ್ಷಮೆ ಪಡೆದ ಕಳ್ಳ ಏನು ವಾಪಸ್ ಕೊಟ್ಟ’ ಎಂದು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವನ ಕೈಗೆ ಮೊಳೆ ಹೊಡೆದಿದ್ದರು. ನನ್ನ ಕೈಗೆ ಹೊಡೆದಿರಲಿಲ್ಲ. ಚೆಕ್ ಬುಕ್ ಮೇಜಿನ ಡ್ರಾಯರಿನಲ್ಲಿತ್ತು.

ಅಕ್ಕನ ಮಾತು ಕೇಳಿ ಬಂದ ಮೇಲೆ ಓದಲು ಶುರು ಮಾಡಿದೆ. ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಖಾರವಾಗಿದ್ದರು. ನಾವು ಪ್ರತಿ ವರ್ಷ ಅಕ್ಟೋಬರ್ 31ಕ್ಕೆ ಸುಧಾರಣೆಯ ದಿನ ಎಂದು, ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಜರ್ಮನಿಯ ಲೂಥರನನ್ನು ನೆನೆಯುತ್ತೇವೆ. 1517ರ ಅವನ 95 ವಾಕ್ಯಗಳಲ್ಲಿ ಮೊದಲನೆಯದೇ ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪ ಆಗಿರಬೇಕು ಎನ್ನುವುದು. ಪಾಪಕ್ಕೆ ಕ್ಷಮಾಪಣೆಯ ಚೀಟಿ ಮಾರುತ್ತಾ, ನಾಣ್ಯ ಪೆಟ್ಟಿಗೆಯೊಳಗೆ ಠಣ್ ಎಂದ ಕೂಡಲೇ ಆತ್ಮ ಬಿಡುಗಡೆ ಎನ್ನುತ್ತಿದ್ದವರ ಮೇಲೆ ಅವನ ಸಿಟ್ಟು. 32ನೆಯದರಲ್ಲಿ, ಕ್ಷಮಾಪಣೆಯ ಚೀಟಿ ಕೈಯಲ್ಲಿದೆ ಎಂದು ರಕ್ಷಣೆ ಖಾತ್ರಿ ಎಂದುಕೊಂಡವರು ತಮಗೆ ಕಲಿಸಿದವರ ಜೊತೆಗೇ ನಾಶವಾಗುತ್ತಾರೆ ಎನ್ನುತ್ತಾನೆ. ಕಲಿಸಿದವರ ಜೊತೆಗೇ. ಪಾಲಕರು ಗಮನಿಸಬೇಕು. ಆ ಕಾಲದಲ್ಲಿ ಚೀಟಿಗೆ ದುಡ್ಡು ಕೊಡಬೇಕಿತ್ತು. ನನಗೆ ಪುಕ್ಕಟೆ ಸಿಕ್ಕಿತು. ಅಥವಾ ನಾಲ್ಕು ಫ್ಯಾನಿಗೆ ಸಿಕ್ಕಿತು ಅನ್ನಬಹುದೋ ಏನೋ.

ಕ್ರೈಸ್ತ ನಂಬಿಕೆಯ ಪಾಠ ಹೇಳುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿ ಇನ್ನೂ ಚೆನ್ನಾಗಿದೆ. ಅದರ ಮೊದಲ ಪ್ರಶ್ನೆ, ಬದುಕಿನಲ್ಲೂ ಸಾವಿನಲ್ಲೂ ನಿನಗಿರುವ ಒಂದೇ ಆದರಣೆ ಯಾವುದು ಎಂದು. ನಾನು ನನ್ನವನಲ್ಲ, ಯೇಸು ಕ್ರಿಸ್ತನವನು ಎಂಬುದು ಉತ್ತರದ ಸಾರ. ಇದಕ್ಕಿಂತ ಗಟ್ಟಿಯಾದ ನಿಶ್ಚಯದ ಮಾತು ಬೇರೆ ಬೇಕಾ? ಅದೇ ಪುಸ್ತಕದ 87ನೇ ಪ್ರಶ್ನೆ: ಕೃತಜ್ಞತೆ ಇಲ್ಲದ, ಪಶ್ಚಾತ್ತಾಪ ಇಲ್ಲದ ನಡತೆ ಬಿಟ್ಟು ದೇವರ ಕಡೆ ತಿರುಗದವರಿಗೆ ರಕ್ಷಣೆ ಉಂಟೋ? ಖಂಡಿತ ಇಲ್ಲ ಎಂದು ಉತ್ತರ. ನಾವು ಮೊದಲ ಪುಟ ಓದಿ ಪುಸ್ತಕ ಮುಚ್ಚಿದವರು.

ಒಮ್ಮೆ ರಕ್ಷಣೆ ಆದರೆ ಕಳೆದುಹೋಗುತ್ತದೋ ಇಲ್ಲವೋ ಎಂಬ ಜಗಳ ನಿಮಗೆ ಗೊತ್ತೇ ಇದೆ. ಸುಧಾರಕ ಕ್ಯಾಲ್ವಿನನ ಕಡೆಯವರು ಕಳೆಯುವುದಿಲ್ಲ ಎನ್ನುತ್ತಾರೆ. ಮೆಥಡಿಸ್ಟ್ ಪಂಗಡದ ವೆಸ್ಲಿಯ ಕಡೆಯವರು ಕಳೆಯಬಹುದು ಎನ್ನುತ್ತಾರೆ, ಬಿದ್ದುಹೋದವರ ವಿಷಯದಲ್ಲಿ ಎಚ್ಚರಿಸುವ ಇಬ್ರಿಯ 6 ತೆಗೆಯುತ್ತಾರೆ. ಯುವಕರ ಕೂಟದಲ್ಲಿ ಇದರ ಮೇಲೆ ರಾತ್ರಿಯಿಡೀ ವಾದ ಮಾಡಿದವನು ನಾನು. ಈಗ ಅನ್ನಿಸುತ್ತದೆ, ನನ್ನಂಥವನ ಮಟ್ಟಿಗೆ ಎರಡೂ ಕಡೆಯವರ ಉತ್ತರ ಒಂದೇ. ಪಾಪ ಬಿಡದೆ ಹಾಯಾಗಿರುವವನನ್ನು ನೋಡಿ ಒಬ್ಬರು ‘ಇವನಿಗೆ ರಕ್ಷಣೆ ಆಗಿಯೇ ಇರಲಿಲ್ಲವೇನೋ’ ಎನ್ನುತ್ತಾರೆ, ಇನ್ನೊಬ್ಬರು ‘ಕಳೆದುಕೊಂಡ’ ಎನ್ನುತ್ತಾರೆ. ‘ಹಾಯಾಗಿರು’ ಎಂದು ಇಬ್ಬರೂ ಹೇಳುವುದಿಲ್ಲ. ಅದನ್ನು ಹೇಳುವವರು ನಾವು ಮಾತ್ರ. ಕ್ಯಾಲ್ವಿನನ ಕಡೆಯವರು ತಮ್ಮ ನಂಬಿಕೆಯನ್ನು ಬರೆದಿಟ್ಟ 17ನೇ ಶತಮಾನದ ವೆಸ್ಟ್‌ಮಿನ್‌ಸ್ಟರ್ ಅರಿಕೆ ನಿಜವಾದ ವಿಶ್ವಾಸಿಯ ನಿಶ್ಚಯವೂ ಪಾಪದಿಂದ ಅಲ್ಲಾಡಬಹುದು, ಕುಂದಬಹುದು ಎನ್ನುತ್ತದೆ. ಅಲ್ಲಾಡದೆ ಇದ್ದದ್ದೇ ನನ್ನ ಕಾಯಿಲೆ. ಜ್ವರ ಬಂದರೆ ಒಳಗೇನೋ ಆಗಿದೆ ಎಂದು ತಿಳಿಯುತ್ತದೆ. ನನಗೆ ಜ್ವರವೂ ಬರಲಿಲ್ಲ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಕಥೋಲಿಕ. ಇದನ್ನೆಲ್ಲ ಹೇಳಿದಾಗ ಅವನಿಗೆ ಆಶ್ಚರ್ಯ. ‘ನಮ್ಮಲ್ಲಿ ಪಾಪನಿವೇದನೆಗೆ ಹೋಗಿ ಕದ್ದಿದ್ದೇನೆ ಅಂದ್ರೆ ಗುರುಗಳು ವಾಪಸ್ ಕೊಡಬೇಕು ಅಂತಾರಲ್ಲ, ನಿಮ್ಮಲ್ಲಿ ಕೇಳಲ್ವಾ’ ಅಂದ. ನನ್ನ ಪ್ರೊಟೆಸ್ಟಂಟ್ ಹೆಮ್ಮೆಗೆ ಸ್ವಲ್ಪ ಪೆಟ್ಟು ಬಿತ್ತು, ಸುಳ್ಳು ಯಾಕೆ ಹೇಳಲಿ.

ಹಾಗಂತ ಹಳೆಯ ಕಾಲದ ಶಿಸ್ತೇ ಚೆನ್ನಾಗಿತ್ತು ಎನ್ನಲು ನನಗೆ ಮನಸ್ಸಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಬಂದರು. ಅವರ ಸಭೆಗಳಲ್ಲಿ ಶಿಸ್ತು ಕಟ್ಟುನಿಟ್ಟು. ನಮ್ಮ ಅಜ್ಜಿ ಹೇಳುತ್ತಿದ್ದಳು, ಕರ್ತನ ಭೋಜನಕ್ಕೆ ಮೊದಲೇ ಅಯ್ಯನವರ ಹತ್ತಿರ ಹೋಗಿ ಹೆಸರು ಕೊಡಬೇಕಿತ್ತಂತೆ. ಆಗ ಅವರು ಮನೆಯ ಜಗಳ, ಸಾಲ ಎಲ್ಲ ಕೇಳುತ್ತಿದ್ದರಂತೆ. ಅದೇ ಅಜ್ಜಿ ಇನ್ನೊಂದೂ ಹೇಳುತ್ತಿದ್ದಳು. ಜಾತ್ರೆಗೆ ಹೋಗಿ ಬಳೆ ಇಡಿಸಿಕೊಂಡ ಬಡ ಹೆಂಗಸನ್ನು ಎಲ್ಲರೆದುರು ನಿಲ್ಲಿಸಿ ಬೈದರಂತೆ. ಬಡ್ಡಿ ವ್ಯವಹಾರ ಮಾಡುತ್ತಿದ್ದ ಹಿರಿಯನೊಬ್ಬ ಮುಂದಿನ ಸಾಲಿನಲ್ಲೇ ಕೂತಿದ್ದನಂತೆ. ಶಿಸ್ತು ಅಂದ ಕೂಡಲೇ ಅದು ಬಡವರ ಕಡೆಗೆ, ಹೆಂಗಸರ ಕಡೆಗೆ ಇಳಿಜಾರಿನ ನೀರಿನ ಹಾಗೆ ಹರಿಯುತ್ತದೆ. ಅಕ್ಕನಿಗೆ ಆದದ್ದೂ ಅದೇ. ಹೊಸ ನಿಯಮ ಮಾಡಿ ಎಂದು ನಾನು ಕೇಳುವುದಿಲ್ಲ. ಮಾಡಿದರೆ ಮೊದಲು ಸಿಕ್ಕಿಬೀಳುವವನು ಆ ಪೇಂಟರ್.

ಇನ್ನೊಂದು ಉದಾಹರಣೆ ನನ್ನನ್ನು ಬಹಳ ಕಾಡಿತು. ‘ಅಮೇಜಿಂಗ್ ಗ್ರೇಸ್’ ಹಾಡು ಬರೆದ ಇಂಗ್ಲೆಂಡಿನ ಜಾನ್ ನ್ಯೂಟನ್. 1748ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರನ್ನು ಕೂಗಿದ. ಅದನ್ನೇ ತನ್ನ ತಿರುವಿನ ದಿನ ಎಂದು ಜೀವನವಿಡೀ ನೆನೆದ. ಆದರೆ ಅದಾದ ಮೇಲೂ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ಹೋದ. 1750ರಿಂದ 1754ರವರೆಗೆ ಅಂಥ ಹಡಗುಗಳಿಗೆ ಕ್ಯಾಪ್ಟನ್ ಆಗಿದ್ದ. ಕೆಳಗೆ ಸರಪಳಿ ಕಟ್ಟಿದ ಜನ, ಮೇಲೆ ಇವನ ಪ್ರಾರ್ಥನೆ. ಸಮುದ್ರದ ಕೆಲಸ ಬಿಟ್ಟದ್ದೂ ಕಾಯಿಲೆಯಿಂದ. 1764ರಲ್ಲಿ ಪಾದ್ರಿ ಆದ, 1773ರ ಹೊಸವರ್ಷಕ್ಕೆ ಆ ಹಾಡು ಬಂತು. ಗುಲಾಮರ ವ್ಯಾಪಾರದ ವಿರುದ್ಧ ಬಾಯಿಬಿಟ್ಟು, ತನ್ನ ಪಾಲನ್ನು ಒಪ್ಪಿಕೊಂಡು ಬರೆದದ್ದು 1788ರಲ್ಲಿ. 40 ವರ್ಷ! ಬಿರುಗಾಳಿಯ ನಂತರ ಬಹಳ ಕಾಲದವರೆಗೆ ತಾನು ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾಗಿದ್ದೆ ಎಂದು ಹೇಳಲಾರೆ ಎಂದು ಅವನೇ ಬರೆದಿದ್ದಾನೆ.

ನ್ಯೂಟನ್‌ನನ್ನು ನನ್ನ ವಕೀಲನಾಗಿ ನಿಲ್ಲಿಸಬಹುದಾ ಎಂದು ಯೋಚಿಸಿದೆ. ಆಗಲಿಲ್ಲ. ಅವನ ಸುತ್ತ ಇದ್ದವರಲ್ಲಿ ಹೆಚ್ಚಿನವರು ಆ ವ್ಯಾಪಾರವನ್ನು ಪಾಪ ಎಂದೇ ಎಣಿಸಿರಲಿಲ್ಲ. ನನ್ನ ಕಾಲದಲ್ಲಿ ಕಾಯಿದೆಯೇ ಇತ್ತು. ಕೇರಳದ ಮೇರಿ ರಾಯ್ 1986ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೂ ಇದೇ ಸಮಪಾಲು ಗೆದ್ದುಕೊಟ್ಟ ಸುದ್ದಿಯನ್ನು ನಾನು ಕಾಲೇಜಿನ ದಿನಗಳಲ್ಲಿ ಪೇಪರಿನಲ್ಲಿ ಓದಿದ್ದೆ. ಭೇಷ್ ಅಂದಿದ್ದೆ ಕೂಡ. ಮನೆ ಮಾರಿದ ರಾತ್ರಿ ಒಂದು ಲಕೋಟೆಯ ಹಿಂದೆ 18, ಭಾಗಿಸು 2, 9 ಎಂದು ಬರೆದು, ಆ 9ನ್ನು ಹೊಡೆದುಹಾಕಿದವನು ನಾನು. ಇದು ಕಣ್ಣು ಕಾಣದವನ ಪಾಪ ಅಲ್ಲ.

2024ರ ಜನವರಿಯಲ್ಲಿ ಹೆಂಡತಿಗೆ ಹೇಳಿದೆ. ‘ಮಗಳ ಫೀಸು ಇದೆ, ನಿಧಾನಕ್ಕೆ ಕೊಡಿ’ ಅಂದಳು. ಕೊಡಬೇಡಿ ಅನ್ನಲಿಲ್ಲ. ಎಷ್ಟು ಕೊಡಬೇಕು? ಯಾಜಕಕಾಂಡ 6ರಲ್ಲಿ ನಿಯಮ ಇದೆ. ಮೋಸದಿಂದ ಪಡೆದದ್ದನ್ನು ಪೂರ್ತಿ ಕೊಟ್ಟು, ಮೇಲೆ ಐದರಲ್ಲಿ ಒಂದು ಪಾಲು ಸೇರಿಸಬೇಕು. ಆಮೇಲೇ ಪ್ರಾಯಶ್ಚಿತ್ತದ ಯಜ್ಞ. ಏಳೂವರೆಯ ಐದನೇ ಒಂದು ಭಾಗ ಒಂದೂವರೆ. ಒಟ್ಟು 9 ಲಕ್ಷ. ನಾನು ಅಂದು ಉಪಕಾರ ಮಾಡಿದಂತೆ ಕೊಟ್ಟ ಒಂದೂವರೆ ಲಕ್ಷ ದಂಡದ ಮೊತ್ತಕ್ಕೇ ಸರಿಹೋಯಿತು. ಬಡ್ಡಿ ಸೇರಿಸಿಲ್ಲ. ಜಕ್ಕಾಯನ ಲೆಕ್ಕ ಹಿಡಿದರೆ 30 ಲಕ್ಷ. ಅಷ್ಟು ನನ್ನ ಹತ್ತಿರ ಇಲ್ಲ.

ಇದ್ದ ಎಫ್‌ಡಿ ಮುರಿಸಿ 3 ಲಕ್ಷದ ಚೆಕ್ ಬರೆದುಕೊಂಡು ಹೋದೆ. ಅಕ್ಕ ಹೊಲಿಗೆ ಮಷೀನಿನ ಮುಂದೆ ಕೂತು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಅಳಲಿಲ್ಲ. ‘ಈಗ್ಯಾಕ ಬಂತು ಇದು? ನಿಮ್ಮ ಪಾಸ್ಟರ್ ಹೇಳಿದ್ರೇನು?’ ಎಂದಳು. ಇಲ್ಲ ಎಂದೆ. ‘ಮತ್ತ?’ ‘ನೀನು ಅವತ್ತು ರೊಟ್ಟಿ ತೊಗೊಳ್ಳಿಲ್ಲಲ್ಲ, ಅದಕ್ಕ’ ಎಂದೆ. ಬೆಂಗಳೂರಿನಲ್ಲಿ ಇಷ್ಟು ವರ್ಷ ಇದ್ದರೂ ಅಕ್ಕನ ಮುಂದೆ ನಮ್ಮ ಕಡೆಯ ಮಾತೇ ಬರುತ್ತದೆ. ಅವಳು ದಾರ ಹಲ್ಲಿನಲ್ಲಿ ಕಡಿದು, ಬ್ಲೌಸ್ ಪಕ್ಕಕ್ಕಿಟ್ಟಳು. ಬ್ಯಾಗ್ ತೆರೆದಳು. ಕನ್ನಡಕ ಹಾಕಿಕೊಂಡಳು. ಚೆಕ್ಕನ್ನು ಬೆಳಕಿಗೆ ಹಿಡಿದು ಹೆಸರು, ಅಂಕಿ, ಅಕ್ಷರ, ತಾರೀಖು ಎಲ್ಲ ಓದಿದಳು. ತಿರುಗಿಸಿ ಹಿಂದಿನ ಬದಿಯನ್ನೂ ನೋಡಿದಳು. ಆಮೇಲೆ ‘ಉಳಿದಿದ್ದು ಯಾವಾಗ?’ ಎಂದು ಕೇಳಿದಳು.

ನನ್ನ ಜೀವನದಲ್ಲಿ ನನ್ನ ಆತ್ಮದ ವಿಷಯವಾಗಿ ಯಾರಾದರೂ ಕೇಳಿದ ಅತಿ ಒಳ್ಳೆಯ ಪ್ರಶ್ನೆ ಅದು. ಕೇಳಬೇಕಾದವರು ನೀವಾಗಿದ್ದಿರಿ.

ಕ್ಷಮಿಸಿದೆ ಎಂದು ಅವಳು ಇನ್ನೂ ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಅವಳ ಅಯ್ಯನವರ ಹತ್ತಿರ ನಾನೇ ಹೋಗಿ, ತಪ್ಪು ಮಾಡಿದವನು ನಾನು, ಅವಳನ್ನು ಹೆದರಿಸಬೇಡಿ ಎಂದು ಹೇಳಿ ಬಂದೆ. ಅವರು ಒಳ್ಳೆಯವರು. ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದರು. ‘ಅವರು ಸಿಟ್ಟು ಅಂದಾಗ ಯಾಕ ಸಿಟ್ಟು ಅಂತ ನಾ ಕೇಳಬೇಕಿತ್ತು’ ಎಂದರು.

ಇಷ್ಟೇ ನಾನು ಕೇಳುವುದು, ಪಾಲಕರೇ. ಯಾರಾದರೂ ಪಾಪ ಒಪ್ಪಿಕೊಂಡರೆ ತಬ್ಬಿಕೊಳ್ಳಿ, ಬೇಡ ಅನ್ನುವುದಿಲ್ಲ. ಆಮೇಲೆ ಒಂದು ದಿನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿ: ಯಾರದ್ದು, ಎಷ್ಟು, ಯಾವಾಗ ಕೊಡ್ತೀರಿ. ಕೆಲವು ಪಾಪಗಳಿಗೆ ಕೊಡಲು ದುಡ್ಡು ಇರುವುದಿಲ್ಲ, ಹೇಳಬೇಕಾದ ಸತ್ಯ ಇರುತ್ತದೆ, ಸಹಿಸಬೇಕಾದ ಕೇಸು ಇರುತ್ತದೆ. ಹೆಂಡತಿಯನ್ನು ಹೊಡೆಯುವವನು ದೇವರ ಹತ್ತಿರ ಅತ್ತರೆ ಸಾಲದು. ಅವನಿಗೆ ನೀವು ನಿಶ್ಚಯ ಹಂಚಿದಷ್ಟೂ ಅವಳಿಗೆ ಪೆಟ್ಟು ಜಾಸ್ತಿ. ಕರ್ತನ ಭೋಜನಕ್ಕೆ ಒಂದು ವಾರ ಮೊದಲೇ ಮತ್ತಾಯ 5:23 ಓದಿಬಿಡಿ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಸಮಾಧಾನ ಮಾಡಿಕೋ ಎಂಬ ಮಾತನ್ನು. ಅದೇ ಭಾನುವಾರ ಓದಿದರೆ ಪ್ರಯೋಜನ ಇಲ್ಲ. ಬೆಟಗೇರಿಗೆ ಹೋಗಿ ಬರಲು ಟೈಮ್ ಬೇಕಲ್ಲ. ಕಳೆದುಕೊಂಡವಳಿಗೆ ‘ಕ್ಷಮಿಸು’ ಎಂದು ಹೇಳುವ ಮೊದಲು ಕಸಿದುಕೊಂಡವನ ಮನೆಗೆ ಹೋಗಿ ಬನ್ನಿ.

ಹೆದರಿ ಕೂತವರಿಗೆ, ಪ್ರತಿ ಭಾನುವಾರ ‘ನನಗೆ ರಕ್ಷಣೆ ಆಗಿದೆಯಾ ಇಲ್ವಾ’ ಎಂದು ಒದ್ದಾಡುವವರಿಗೆ ಯೋಹಾನ 10 ಓದಿ. ಆ ಮಾತು ಅವರದು. ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಪೌಲನು ಪಾಪ ಬಿಡದ ಒಬ್ಬನನ್ನು ಹೊರಗಿಡಿ ಎಂದ. ಎರಡನೆಯ ಪತ್ರದಲ್ಲಿ, ಶಿಕ್ಷೆ ಅನುಭವಿಸಿದವನೊಬ್ಬನನ್ನು ಅತಿಯಾದ ದುಃಖ ನುಂಗಿಬಿಡದಂತೆ ಆದರಿಸಿ ಎನ್ನುತ್ತಾನೆ. ಅವನೇ ಇವನು ಎಂದು ಹಲವರ ಊಹೆ. ಇರಬಹುದು. ಎರಡು ಪತ್ರವನ್ನೂ ಬರೆದವನು ಒಬ್ಬನೇ ಎಂಬುದು ನನಗೆ ಮುಖ್ಯ. ಯಾರಿಗೆ ಯಾವ ಪತ್ರ ಎಂದು ಅವನಿಗೆ ಗೊತ್ತಿತ್ತು.

ಈಗ ನಿನಗೆ ನಿಶ್ಚಯ ಇದೆಯಾ ಎಂದು ಕೇಳುತ್ತೀರಿ. ಮೊದಲಿನಷ್ಟು ಜೋರಾಗಿ ಹೇಳಲು ನಾಲಗೆ ಏಳುವುದಿಲ್ಲ. ಬೈಕಿನ ಸ್ಟಿಕ್ಕರ್ ಕಿತ್ತಿಲ್ಲ. ಬಿಸಿಲಿಗೆ ಬಣ್ಣ ಹೋಗಿದೆ, ಅಕ್ಷರ ಇನ್ನೂ ಓದಲು ಬರುತ್ತವೆ. ಬೆಳಿಗ್ಗೆ ಗಾಡಿ ತೆಗೆಯುವಾಗ ಓದುತ್ತೇನೆ. ಕೆಲವು ದಿನ ನನಗೇ ಹೇಳಿದಂತೆ ಅನ್ನಿಸುತ್ತದೆ, ಕೆಲವು ದಿನ ಅಕ್ಕನಿಗೆ ಹೇಳಿದಂತೆ.

ಫ್ಯಾನುಗಳ ವಿಷಯ ಹಿರಿಯರು ತೀರ್ಮಾನ ಮಾಡಲಿ. ಹೆಸರು ಅಳಿಸಲು ಆ ಪೇಂಟರನ್ನು ಕರೆದರೆ ಅವನ ಕೂಲಿ ನಾನು ಕೊಡುತ್ತೇನೆ.

ನಮ್ಮ ಸಭೆಯ ಪಾಲಕರಿಗೆ ಮಾತ್ರ ಒಂದು ಮಾತು. ಅಯ್ಯನವರೇ, ನಾನು ಈಗ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಆ 3 ಲಕ್ಷದ ಮೇಲೆ ತಿಂಗಳಿಗೆ 15 ಸಾವಿರದಂತೆ 12 ತಿಂಗಳು ಕಳಿಸಿದ್ದೇನೆ. ನಡುವೆ ಮಗಳ ಫೀಸು ಕಟ್ಟುವಾಗ ಕೆಲವು ತಿಂಗಳು ತಪ್ಪಿದೆ. ಮುಂದಿನ ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಬಂದು ಕೇಳಿ. ಇವತ್ತಿಗೆ ಬಾಕಿ 4 ಲಕ್ಷ 20 ಸಾವಿರ.